ಮದುಮಗಳ ಅಪ್ಪ ಹಿಡಿದ ಟೆಸ್ಟರ್

“ತಡಿಯವಾ, ಮೈಕ್ ಮುಟ್ಟಬ್ಯಾಡ!”

ಗಿಟಾರ್ ಹೆಗಲಿಗೇರಿಸಿ ಹಾಡಲು ನಿಂತಿದ್ದ ನನ್ನ ತಂಗಿ, ಮೈಕಿನತ್ತ ಚಾಚಿದ ಕೈಯನ್ನು ಬೆಚ್ಚಿ ಹಿಂದಕ್ಕೆಳೆದುಕೊಂಡಳು. ಎಂಬತ್ತರ ದಶಕದ ಆರಂಭದಲ್ಲಿ, ಹಳಿಯಾಳದ ಹತ್ತಿರ ಸಿದ್ದಿ ಕುಟುಂಬವೊಂದರ ಮದುವೆಯಲ್ಲಿ ನಡೆದದ್ದಿದು. ಕೂಗಿದವರು ಮದುಮಗಳ ಅಪ್ಪ. ಬೀಗರೊಡನೆ ಮಾತಾಡುತ್ತಿದ್ದವರು ಓಡಿಬಂದು ಮೊದಲು ಪ್ಲಗ್ ಕಿತ್ತರು.

ದಾಂಡೇಲಿಯ ನಮ್ಮ ವಾದ್ಯತಂಡದಲ್ಲಿ ವೈರುಗಳನ್ನು ಜೋಡಿಸುವುದು ನನ್ನ ಕೆಲಸ. ದನಿಗಳನ್ನು ಕೂಡಿಸುವ ಹೊಸ ಪುಟ್ಟ ಮಿಕ್ಸರಿಗೆ ಮೈಕ್ ಸಿಕ್ಕಿಸಿದ್ದೆ; ಗಿಟಾರಿಗೆ ಹಳೆಯ ಆಂಪ್ಲಿಫೈಯರ್ ಬೇರೆಯೇ ಇತ್ತು. ಗಿಟಾರಿನ ತಂತಿ ಮುಟ್ಟಿದಾಗ ನನ್ನ ಕೈ ಜುಮ್ಮೆಂದಿತ್ತು. ಕೊಡವಿಕೊಂಡು ಸುಮ್ಮನಾಗಿದ್ದೆ. ಪಂಪ್‌ಸೆಟ್ ರಿಪೇರಿಯೇ ಕಸುಬಾಗಿದ್ದ ಮದುಮಗಳ ಅಪ್ಪ ದೂರದಿಂದಲೇ ಅದನ್ನು ಗಮನಿಸಿದ್ದರು.

ಟೆಸ್ಟರ್ ತರಿಸಿ, ಪ್ಲಗ್ ಮತ್ತೆ ಹಾಕಿ, ಆಂಪ್ಲಿಫೈಯರಿನ ತಗಡಿಗೆ ಹಿಡಿದರು. ಕೆಂಪು ದೀಪ ಹತ್ತಿತು.

“ನೋಡ್ರಿ, ಇದರ ಮೈಯಾಗ ಕರೆಂಟ್ ಐತಿ, ಗಿಟಾರ್ ತಂತಿಗೂ ಬರತೈತಿ; ಮೈಕಿಗೆ ಅರ್ಥಿಂಗ್ ಐತಿ. ಒಂದ ಕೈ ತಂತಿ ಮ್ಯಾಲ, ಇನ್ನೊಂದ ಮೈಕ್ ಮ್ಯಾಲ ಇಟ್ಟಿದ್ರ ಹುಡುಗಿ ಉಳೀತಿದ್ದಿಲ್ಲ. ಇದನ್ನ ಬಿಡ್ರಿ, ಗಿಟಾರ್ ಸೀದಾ ಮಿಕ್ಸರಿಗೇ ಹಚ್ರಿ.”

ಹಚ್ಚಿದೆ. ತಂತಿಗೂ ಮೈಕಿಗೂ ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಅವರು ತಂಗಿಗೆ “ಈಗ ಹಾಡವಾ” ಎಂದರು. ಗಿಟಾರಿನ ದನಿ ಸಣ್ಣದಾಗಿತ್ತು, ಆದರೂ ಜನ ಕುಣಿದರು. ಊಟಕ್ಕೆ ಮದುಮಗಳ ಅಪ್ಪ ಅವಳನ್ನು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು.

ಇಂದು ತಂಗಿಯ ಮೊಮ್ಮಗಳು ನನ್ನ ತೊಡೆಯೇರಿ ಕೂತಾಗಲೆಲ್ಲ, ಮಗಳ ಮದುವೆಯ ಗಡಿಬಿಡಿಯಲ್ಲೂ ಬೇರೆಯವರ ಮಗಳನ್ನು ಉಳಿಸಿದ ಆ ಹಿರಿಯರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.