ಅದೇ ಬಿಂದಿಗೆ, ಇನ್ನೊಂದು ಬಾಗಿಲು

ಊರಿಗೇ ನೀರಿಲ್ಲದ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಅತ್ತೆ ಬಿಂದಿಗೆಗಟ್ಟಲೆ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದರು. ನಾವು ಆಗ ತ್ರಿಪ್ಲಿಕೇನಿನ ಹಳೆಯ ಮನೆಯೊಂದರ ಹಿಂದಿನ ಪೋರ್ಷನ್ನಿನಲ್ಲಿದ್ದೆವು. ಕಾರ್ಪೊರೇಷನ್ ಲಾರಿ ಬಂದಾಗ ಬೀದಿಯಲ್ಲಿ ಸಾಲು ನಿಂತು, ಮೊಣಕೈಯಲ್ಲಿ ತಿವಿಸಿಕೊಂಡು ನಾನು ತಂದ ನೀರು ಅದು.

ಮಾವ ತೀರಿಕೊಂಡಾಗಿನಿಂದ ಅತ್ತೆ ಕಟ್ಟುನಿಟ್ಟಾದ ಮಡಿಯವರು. ಬುದ್ಧಿ ಮಸುಕಾದ ಮೇಲೆ ಮಿಕ್ಕಿದ್ದೆಲ್ಲ ಹೋಯಿತು, ಮಡಿಯೊಂದು ಉಳಿಯಿತು. ಸ್ನಾನ ಮಾಡಿದ್ದನ್ನು ಮರೆತು ಮತ್ತೆ ಸ್ನಾನಕ್ಕೆ ಏಳುವರು. ಯಾರೋ ಮುಟ್ಟಿದರೆಂದು ತುಂಬಿದ ಬಿಂದಿಗೆಯನ್ನು ಬಗ್ಗಿಸುವರು. ತಡೆದರೆ ತೋಳಿನ ಒಳಭಾಗವನ್ನು ಹುಡುಕಿ ಚಿವುಟುವರು; ಅಲ್ಲಿ ಚರ್ಮ ತೆಳು ಎಂಬುದು ಮಾತ್ರ ಅವರಿಗೆ ಮರೆತಿರಲಿಲ್ಲ. ಡಾಕ್ಟರು ವಯಸ್ಸಾಯಿತಲ್ಲ ಎಂದು ಹೇಳಿ ನಿದ್ದೆಯ ಔಷಧಿ ಬರೆದರು.

ಜಗಳವಾಡಿ ಸೋತ ಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಹೌದು ಅತ್ತೆ, ಮೈಲಿಗೆಯಾಯಿತು, ಚೆಲ್ಲಿ ಬರುತ್ತೇನೆ ಎಂದು ಬಿಂದಿಗೆ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆ. ಓಣಿ ಸುತ್ತಿ, ಸೆರಗಿನ ತುದಿ ಒದ್ದೆ ಮಾಡಿಕೊಂಡು, ಅದೇ ಬಿಂದಿಗೆಯನ್ನು ಮುಂಬಾಗಿಲಿನಿಂದ ಒಳಗೆ ತರುತ್ತಿದ್ದೆ. ಮಡಿಯಲ್ಲಿ ತಂದ ಹೊಸ ನೀರು ಎಂದರೆ ಅವರ ಮುಖ ಸಡಿಲವಾಗುತ್ತಿತ್ತು. ಆಮೇಲೆ ಒಂದಷ್ಟು ಹೊತ್ತು ಮನೆ ಮನೆಯಾಗಿರುತ್ತಿತ್ತು. ಪಕ್ಕದ ಪೋರ್ಷನ್ನಿನ ತಮಿಳು ಮಾಮಿಗೆ ಈ ಗುಟ್ಟು ಗೊತ್ತಿತ್ತು. ನನಗೆ ಸೊಂಟ ಹಿಡಿದ ದಿನ ಬಿಂದಿಗೆ ಸುತ್ತಿಸುತ್ತಿದ್ದವರು ಅವರೇ.

ಆ ವರ್ಷ ಮಗಳು ಚೊಚ್ಚಲ ಬಸುರಿ. ಎಣ್ಣೂರಿನಲ್ಲಿ ಅವಳ ಗಂಡನಿಗೆ ಕೆಲಸ, ಅವಳ ಅತ್ತೆಯೂ ಅವರ ಜೊತೆಗಿದ್ದರು. ಮೊದಲ ಬಾಣಂತನ ತವರಿನದು. ಅವಳನ್ನು ಕರೆತಂದು ಎಣ್ಣೆ ನೀರು ಹಾಕಬೇಕೆಂಬುದೊಂದೇ ನನ್ನ ಆಸೆ. ಆದರೆ ಚೆಲ್ಲುವ, ಚಿವುಟುವ ಕೈಯ ಪಕ್ಕದಲ್ಲಿ ಹಸುಗೂಸನ್ನು ಹೇಗೆ ಮಲಗಿಸುವುದು? ಎಗ್ಮೋರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನಾದಿನಿಗೆ, ಮೂರು ತಿಂಗಳು ನಿಮ್ಮಮ್ಮನನ್ನು ಇಟ್ಟುಕೊಳ್ಳಮ್ಮ ಎಂದು ಹೇಳಿಕಳಿಸಿದೆ.

ಅವಳು ನೋಡಲು ಬಂದ ಮಧ್ಯಾಹ್ನ ಅತ್ತೆ ನೆಟ್ಟಗೆ ಕೂತು, ಅಳಿಯನ ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸಿದರು. ಬಂದವರೆದುರು ಅವರು ಯಾವಾಗಲೂ ಹೀಗೆಯೇ. ಆಮೇಲೆ ತಗ್ಗಿದ ದನಿಯಲ್ಲಿ ತಮ್ಮ ಮಗಳಿಗೆ, ಇವಳು ನನಗೆ ನಿನ್ನೆಯಿಂದ ಅನ್ನ ಹಾಕಿಲ್ಲ ಎಂದರು. ಅವರು ಉಂಡ ಎಲೆಯನ್ನು ನಾನು ಆಗಷ್ಟೇ ಎತ್ತಿ ಬಂದಿದ್ದೆ. ನಾದಿನಿ ಎದ್ದು ಅಡುಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡಿದಳು. ಅಷ್ಟರಲ್ಲಿ ಅತ್ತೆ ಬಿಂದಿಗೆಗೆ ಕೈ ಹಾಕಿದರು. ನಾನು ವಾಡಿಕೆಯಂತೆ ಅದನ್ನು ಹಿತ್ತಿಲಿಂದ ಒಯ್ದು ಮುಂದಿನಿಂದ ತಂದೆ. ನಾದಿನಿ ಹೊಸ್ತಿಲಲ್ಲಿ ನಿಂತಿದ್ದಳು.

"ಏನತ್ತಿಗೆ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಡಿಗೆ ಈ ನಾಟಕ ಆಡ್ತಿದೀರಾ? ಸುಳ್ಳು ನೀರಲ್ಲಿ ನಮ್ಮಮ್ಮಂಗೆ ಅಡುಗೆ? ಅದಕ್ಕೇ ಅವ್ರಿಗೆ ತಲೆ ಕೆಟ್ಟಿರೋದು."

ಅಂದೇ ಆಟೋ ತರಿಸಿ ತಾಯಿಯನ್ನು ಕರೆದುಕೊಂಡು ಹೋದಳು. ನನಗೆ ಅವಮಾನವಾಯಿತು, ಸಂತೋಷವೂ ಆಯಿತು. ಮಂಚದ ಹಗ್ಗ ಬಿಗಿ ಮಾಡಿಸಿದೆ. ಹಳೆಯ ಸೀರೆಗಳನ್ನು ಕುದಿಸಿ ಒಣಗಿಸಿ ಮಗುವಿಗೆ ಬಟ್ಟೆ ಹರಿದಿಟ್ಟೆ.

ನಾದಿನಿ ಸುಳ್ಳಾಡಲಿಲ್ಲ. ಪ್ರತಿ ಬಿಂದಿಗೆಗೂ, ಇದು ಮಡಿಯೇ ಅಮ್ಮ, ನಾನೇ ತಂದದ್ದು ಎಂದು ವಾದಿಸಿದಳಂತೆ. ವಾದಿಸಿದಷ್ಟೂ ಅತ್ತೆ ಚೆಲ್ಲಿದರಂತೆ. ಇದನ್ನೆಲ್ಲ ಆಮೇಲೆ ಅವಳ ಗಂಡನೇ ಹೇಳಿದ. ವಾರ ತುಂಬುವ ಮುಂಚೆ ತಾಯಿಯನ್ನೂ ಹಾಸಿಗೆಯ ಸುರುಳಿಯನ್ನೂ ತಂದು ನಮ್ಮ ಬಾಗಿಲಲ್ಲಿ ಇಳಿಸಿದಳು. ಅಮ್ಮನಿಗೆ ನಿಮ್ಮ ಕೈಯೇ ಅಭ್ಯಾಸ ಅತ್ತಿಗೆ, ಎಂದಷ್ಟೇ ಅಂದಳು. ಅತ್ತೆಯ ಎರಡೂ ಮಣಿಕಟ್ಟಿನ ಸುತ್ತ ನೀಲಿಗಟ್ಟಿತ್ತು. ಮಂಚದ ಕಾಲಿಗೆ ಕಟ್ಟಿದ ಗುರುತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅದೇ ಸಂಜೆ, ನಾದಿನಿ ಇನ್ನೂ ಹೊರಡುವ ಮೊದಲೇ, ಬಾಣಂತನದ ದಿನ ಗೊತ್ತುಮಾಡಲು ಬೀಗಿತ್ತಿ ಎಣ್ಣೂರಿನಿಂದ ಬಂದರು, ಮಗಳೂ ಜೊತೆಗಿದ್ದಳು. ನಾನು ಅತ್ತೆಯ ಕೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಬೀಗಿತ್ತಿ ಬಗ್ಗಿ ನೋಡಿ, ಇದೇನು ಅಜ್ಜೀ ಎಂದು ಕೇಳಿದರು.

ಅತ್ತೆ ನನ್ನ ಮುಖ ನೋಡಿದರು. "ಇವಳು ಕಟ್ಟಿಹಾಕಿದ್ಳು," ಎಂದರು. ನಾದಿನಿಯ ಕಡೆ ತಿರುಗಿ, "ಈ ಮಗು ಬಂದು ಬಿಡಿಸ್ತು."

ನಾದಿನಿ ಕಾಫಿ ಲೋಟದ ತಳ ನೋಡುತ್ತ ಕೂತಳು. ನಾನು ಅವಳನ್ನೇ ನೋಡಿದೆ. ಇಲ್ಲ ಅನ್ನು ಎಂದು ಕೇಳಿಯೂ ಕೇಳಿದೆ. "ವಯಸ್ಸಾದೋರ ಮಾತು, ಬಿಡಿ ಅತ್ತಿಗೆ," ಎಂದಳು. ಅದು ನನ್ನನ್ನು ಕ್ಷಮಿಸಿದ ಹಾಗಿತ್ತು.

ಬೀಗಿತ್ತಿ ಎದ್ದು ನಿಂತರು. ನಿಮಗೂ ಕಷ್ಟ, ನೀರಿಗೂ ಕಷ್ಟ, ಬಾಣಂತನ ನಾನೇ ಮಾಡುತ್ತೇನೆ ಎಂದರು. ಮಗಳ ಕಡೆ ನೋಡಿದೆ. ತಮಿಳು ಶಾಲೆಯಲ್ಲಿ ಓದಿದವಳು, ಮನಸ್ಸು ಮುಚ್ಚಿದಾಗ ಅವಳಿಗೆ ತಮಿಳೇ ಬರುವುದು. "ಪರವಾಯಿಲ್ಲೆಮ್ಮಾ, ನಾನ್ ಅಂಗೆಯೇ ಇರುಕ್ಕೇನ್." ಅಲ್ಲೇ ಇರುತ್ತೇನೆ ಎಂದಳು. ಅಜ್ಜಿಯ ಕೈಗಳನ್ನು ಮತ್ತೊಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡಳು.

ಗಂಡುಮಗು ಹುಟ್ಟಿತು. ಯಜಮಾನರಿಗೆ ಬ್ಯಾಂಕಿನಲ್ಲಿ ಅರ್ಧ ದಿನದ ರಜೆ ಸಿಕ್ಕ ದಿನ ಅತ್ತೆಯನ್ನು ಅವರಿಗೆ ಒಪ್ಪಿಸಿ ಎಣ್ಣೂರಿನ ಬಸ್ಸು ಹತ್ತಿದೆ. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಬೀಗಿತ್ತಿ ಅಲ್ಲೇ ಬಾಗಿಲ ಬಳಿ ಅಕ್ಕಿ ಆರಿಸಲು ಕೂತರು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದರೂ ಏಳಲಿಲ್ಲ. ಮಗು ಬೆಚ್ಚುತ್ತಿತ್ತು. ಬೆಚ್ಚುವ ಕೂಸನ್ನು ಕೈ ಸೇರಿಸಿ ಬಿಗಿಯಾಗಿ ಸುತ್ತಿದರೆ ನಿದ್ದೆ ಹೋಗುತ್ತದೆ. ಮಗಳನ್ನೂ ನಾನು ಹಾಗೆಯೇ ಸುತ್ತಿ ಬೆಳೆಸಿದ್ದು. ಬಟ್ಟೆ ಬಿಡಿಸಿ, ಅದರ ಎರಡು ಪುಟ್ಟ ಕೈಗಳನ್ನು ಎದೆಗೆ ಸೇರಿಸಿ, ಒಂದು ಸುತ್ತು ತಂದೆ.

"ಕೈ ಕಟ್ಟಬೇಡಮ್ಮ," ಎಂದಳು ಮಗಳು. ಆ ದಿನ ಅವಳು ನನ್ನ ಜೊತೆ ಆಡಿದ ಕನ್ನಡ ಅದೊಂದೇ.

ಬೀಗಿತ್ತಿಯ ಕೈ ಮೊರದಲ್ಲಿ ನಿಂತಿತು. ನಾನು ಸುತ್ತು ಬಿಚ್ಚಿದೆ. ಮಗು ಬೆಚ್ಚಿಬಿದ್ದು ಅತ್ತಿತು. ಅವರು ಬಂದು ಎತ್ತಿಕೊಂಡರು.