ಇಳಕಲ್ಲಿನ ಅಂಗಡಿಯಲ್ಲಿ ಕಾದ ಫೋನು

ನಾದಿನಿಗೆ ಸೀರೆ ಕೊಳ್ಳಲು ಇಳಕಲ್ಲಿನ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಅಂಗಡಿಯವರು ರೇಷ್ಮೆಯದೊಂದನ್ನು ಹರವಿದರು. “ಆಕೀಗೆ ರೇಷ್ಮಿ ಯಾವುದು, ನೂಲು ಯಾವುದು ಗೊತ್ತಾಗಂಗಿಲ್ರಿ. ನೂಲಿಂದ ತೋರಸ್ರಿ” ಎಂದೆ. ಅವರು ನೂಲಿನವನ್ನೂ ನಾಲ್ಕಾರು ಹರವಿದರು.

ನಮ್ಮವರಿಗೆ ಫೋಟೋ ಕಳಿಸೋಣವೆಂದು ಬ್ಯಾಗಿನಿಂದ ಫೋನು ತೆಗೆದರೆ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು. ಕೈ ಚುರುಗುಟ್ಟಿ ಅದನ್ನು ರೇಷ್ಮೆ ಸೀರೆಯ ಮೇಲೇ ಇಟ್ಟುಬಿಟ್ಟೆ.

“ಅಯ್ಯ, ರೇಷ್ಮಿ ಮ್ಯಾಲೆ ಬ್ಯಾಡ್ರಿ ಅಕ್ಕಾರ!” ಅಂಗಡಿಯವರು ಫೋನು ಎತ್ತಿಕೊಂಡು, ಕವರು ಬಿಚ್ಚಿ, ಫ್ಯಾನಿನ ಕೆಳಗೆ ಹಿಡಿದರು. “ಒಳಗ ಏನರ ಚಾಲೂ ಉಳದಿರಬೇಕು, ನೋಡ್ರಿ.”

ನೋಡಿದೆ. ಬಸ್ ಹತ್ತುವಾಗ ತುಂಬಿದ್ದ ಬ್ಯಾಟರಿ ತಳ ಕಂಡಿತ್ತು. ಹುನಗುಂದದ ಬಸ್‌ಸ್ಟ್ಯಾಂಡಿನಿಂದ ನಾದಿನಿಗೆ ಮಾಡಿದ್ದ ವಿಡಿಯೋ ಕಾಲ್ ಕಟ್ಟೇ ಆಗಿರಲಿಲ್ಲ! ಬಸ್ಸಿನಲ್ಲಿ ಪಕ್ಕದ ಸೀಟಿನವಳ ಮುಂದೆ ನಾದಿನಿಯ ಅಡುಗೆಯ ಬಗ್ಗೆ ಆಡಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಪರದೆಯಲ್ಲಿ ಆಕೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ನಗುವೂ ಇಲ್ಲ.

“ವೈನಿ, ಇಷ್ಟೊತ್ತು ಬರೇ ಕೇಳಸ್ತಿತ್ತು. ಈಗ ಕಾಣಸ್ತು ನೋಡ್ರಿ” ಎಂದಳು. “ನನಗ ಆ ರೇಷ್ಮಿದ ಇರಲಿ.”

ಅಂಗಡಿಯವರು ನನ್ನನ್ನು ಒಂದು ಮಾತೂ ಕೇಳದೆ ನೂಲಿನ ಸೀರೆಗಳನ್ನು ಮಡಚತೊಡಗಿದರು.