ತಂಗಿಯ ನಾಲ್ಕು ಪಿನ್ನುಗಳು

ತಂಗಿಗೆ ನಲವತ್ತೊಂದು ವರ್ಷ. ಬುದ್ಧಿ ಹುಟ್ಟಿನಿಂದಲೇ ನಿಧಾನ. ಅಮ್ಮ ಹೋದ ಮೇಲೆ ಗಿರಿನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಅವಳು ಎಡಗೈ ಮೇಲೆತ್ತದೆ, ಬಲಗೈಯೊಂದರಿಂದಲೇ ಕ್ಲಿಪ್ಪು ಸಿಕ್ಕಿಸುತ್ತಿದ್ದುದನ್ನು ಕಂಡೆ. ಏನಾಯಿತೆಂದು ಕೇಳಿದರೆ ಎದೆ ಮುಟ್ಟಿಕೊಂಡು, "ಇಲ್ಲಿ ಗೋಲಿ ಇದೆ" ಎಂದಳು. ದಸರಾ ಗೊಂಬೆ ಇಳಿಸಿದಾಗಿನಿಂದ ಇದೆಯಂತೆ. ನಾವು ಆಗಲೇ ಸಂಕ್ರಾಂತಿಯ ಎಳ್ಳು ಹುರಿದು ಮುಗಿಸಿದ್ದೆವು. ಒದ್ದೆ ಟವೆಲು ಕೈಯಲ್ಲೇ ಉಳಿಯಿತು.

ನೋಡಲು ಹೋದರೆ ಬಿಡಲಿಲ್ಲ. ಬಿಡಬಾರದೆಂದು ಕಲಿಸಿದವಳು ನಾನೇ. ಬನಶಂಕರಿಯ ತರಬೇತಿ ಕೇಂದ್ರಕ್ಕೆ ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗತೊಡಗಿದಾಗ ನನಗೆ ಊಟ ಸೇರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಪ್ರಾರ್ಥನೆ ಬಾಯಿಪಾಠ ಮಾಡಿಸುತ್ತಿದ್ದ ಹಾಗೆ ದಿನಾ ಹೇಳಿಸುತ್ತಿದ್ದೆ: ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗಬೇಕು. ದುಪಟ್ಟಾಕ್ಕೆ ನಾಲ್ಕು ಪಿನ್ನು ಚುಚ್ಚಿ ಕಳಿಸುತ್ತಿದ್ದೆ. ಡಾಕ್ಟರಾದರೆ ಪರವಾಗಿಲ್ಲ ಎಂದು ಸೇರಿಸುವುದು ಹೊಳೆದೇ ಇರಲಿಲ್ಲ.

ಜಯನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಗೋಲಿಯ ವಿಷಯ, ನೋವಿನ ವಿಷಯ, ತಿಂಗಳಿನ ವಿಷಯ ಎಲ್ಲವನ್ನೂ. ತಂಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಪರೀಕ್ಷೆಗೆ ಮಲಗಿಸಿದಾಗ ಎರಡೂ ಕೈ ಎದೆಗೆ ಅಡ್ಡ ಕಟ್ಟಿ ಕೂಗಿಬಿಟ್ಟಳು. ಹೊರಗೆ ಬೆಂಚಿನವರ ಮಾತು ತಟ್ಟನೆ ನಿಂತಿತು. ನಾಚಿಕೆಯೋ ಭಯವೋ, ಅವಳ ಮಣಿಕಟ್ಟು ಹಿಡಿದು ಎಳೆದೆ. "ಅವಳಿಗೆ ಗೊತ್ತಾಗಲ್ಲ ಮೇಡಂ. ನಾನು ಹಿಡ್ಕೋತೀನಿ, ನೀವು ನೋಡಿ."

ಡಾಕ್ಟರಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಕಡೆ ನೋಡದೆ ತಂಗಿಯನ್ನೇ ಕೇಳಿದರು. "ಗೋಲಿ ಎಲ್ಲಿದೆ ಅಂತ ನೀವೇ ತೋರಿಸ್ತೀರಾ? ಹೂಂ ಅಂದ್ರೆ ಮಾತ್ರ ಮುಟ್ತೀನಿ. ಸಾಕು ಅಂದ್ರೆ ಬಿಟ್ಬಿಡ್ತೀನಿ."

ಅವಳನ್ನು ಯಾರಾದರೂ ನೀವು ಎಂದದ್ದು ನಾನು ಕೇಳಿಯೇ ಇರಲಿಲ್ಲ. ತಂಗಿ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಎದ್ದು ಕೂತು, ಅವತ್ತೂ ದುಪಟ್ಟಾಕ್ಕೆ ನಾನು ಚುಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಮುಚ್ಚಿ, ನನ್ನ ಅಂಗೈಗೆ ಹಾಕಿದಳು.

"ಅಕ್ಕ, ನೀನು ಆಚೆ ಹೋಗು. ನೀನು ಕೇಳಲ್ಲ, ಹಿಡ್ಕೋತೀಯ."

ಪರದೆಯ ಈಚೆ ನಿಂತೆ. ಒಳಗೆ ಡಾಕ್ಟರಮ್ಮ ಮೆಲ್ಲಗೆ ಏನೋ ಕೇಳುತ್ತಿದ್ದರು, ಇವಳು ಹೂಂಗುಟ್ಟುತ್ತಿದ್ದಳು. ಒಮ್ಮೆ ಸಾಕು ಎಂದಳು. ಎಲ್ಲ ನಿಂತಿತು. ನಿಲ್ಲಿಸಬೇಡಿ, ಪೂರ್ತಿ ನೋಡಿಬಿಡಿ ಎಂದು ಹೇಳಲು ಬಾಯಿ ತೆರೆದವಳು ಪಿನ್ನು ಹಿಡಿದ ಮುಷ್ಟಿಯನ್ನೇ ತುಟಿಗೆ ಒತ್ತಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಅವಳ ದನಿ ಬಂತು. "ಈಗ ನೋಡಿ."

ಗಂಟು ಎಂಥದೆಂದು ಸ್ಕ್ಯಾನ್ ಆಗದೆ ಹೇಳಲಾಗದು, ಗುರುವಾರ ಬನ್ನಿ ಎಂಬುದನ್ನು ಡಾಕ್ಟರಮ್ಮ ಅವಳಿಗೇ ಹೇಳಿದರು. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು.

ಆಟೋದಲ್ಲಿ ಅವಳ ದುಪಟ್ಟಾ ಸಡಿಲವಾಗಿ ಮಡಿಲಿಗೆ ಬಿದ್ದಿತ್ತು. ಪಿನ್ನು ಚುಚ್ಚಲು ಚಾಚಿದ ಕೈಯನ್ನು ಅರ್ಧಕ್ಕೇ ತಡೆದು, ಹಾಕಲೇ ಎಂದು ಕೇಳಿದೆ.

"ಬೇಡ. ಗಾಳಿ ಬರ್ಲಿ."

ಮನೆ ಬರುವತನಕ ಪಿನ್ನುಗಳು ನನ್ನ ಮುಷ್ಟಿಯಲ್ಲೇ ಇದ್ದವು.